ನೆರಳು ಕೂಡಿಸಿದ ಹೆಸರು: ಬೆತ್ಸಲೇಲ್

ಬೈಬಲಿನ ವಿಮೋಚನಕಾಂಡದಲ್ಲಿ, ಸಿನಾಯ್ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಆರಾಧನೆಯ ಗುಡಾರದ ಅಳತೆಗಳನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಒಬ್ಬನ ಹೆಸರು ಹಿಡಿದು ಹೇಳುತ್ತಾನೆ. ಆ ಮನುಷ್ಯ ಅರಸನಲ್ಲ, ಪ್ರವಾದಿಯಲ್ಲ, ಪುರೋಹಿತನೂ ಅಲ್ಲ; ಮರ ಕೆತ್ತುವ, ಚಿನ್ನ ಬಡಿಯುವ, ಹರಳು ಕೂರಿಸುವ ಕೈಕಸುಬಿನವನು. ಅಪ್ಪ ಊರಿ, ಅಜ್ಜ ಹೂರ, ಕುಲ ಯೆಹೂದ, ಹೆಸರು ಬೆತ್ಸಲೇಲ್. ದೇವರ ಆತ್ಮದಿಂದ ತುಂಬಿದವನು ಎಂಬ ಮಾತು ಬೈಬಲಿನಲ್ಲಿ ಮೊದಲು ಬರುವುದು ಈ ಕಸುಬುದಾರನ ಬಗ್ಗೆಯೇ. ಕನ್ನಡ ಬೈಬಲ್ ಓದಿದವರಿಗೆ ಇವನು ಬೆಚಲೇಲ, ಇಂಗ್ಲಿಷಿನವರಿಗೆ ಬೆಜಲೆಲ್.

ಹೀಬ್ರೂ ಹೆಸರುಗಳು ನಮಗೆ ಹೊಸವಲ್ಲ. ಡೇನಿಯಲ್, ಮೈಕೆಲ್, ಸ್ಯಾಮ್ಯುಯೆಲ್ ನಮ್ಮ ಊರುಗಳಲ್ಲೂ ಇದ್ದಾರೆ. ಅರಬ್ಬಿಯ ದಾರಿಯಲ್ಲಿ ಬಂದ ಇಸ್ಮಾಯಿಲ್ ಕೂಡ ಅದೇ ಬಳಗದವನು. ಇವೆಲ್ಲದರ ಬಾಲದಲ್ಲಿ ಇರುವ ‘ಏಲ್’ ಎಂದರೆ ದೇವರು. ಅದೇ ಬಾಲ ಹೊತ್ತ ಬೆತ್ಸಲೇಲ್ ಮಾತ್ರ ಇವರ ಹಾಗೆ ಲೋಕ ಸುತ್ತಲಿಲ್ಲ. ಮಕ್ಕಳಿಗೆ ಹೆಸರು ಹುಡುಕುವವರು ಈ ಹೆಸರನ್ನು ಕಂಡರೂ ಉಚ್ಚಾರ ಕಷ್ಟವೆಂದು ಮುಂದೆ ಹೋಗುವುದೇ ಹೆಚ್ಚು. ಆದರೆ ಹೆಸರು ಕಟ್ಟುವುದನ್ನೇ ಒಂದು ಕಸುಬು ಎಂದು ನೋಡುವವರಿಗೆ ಇಷ್ಟು ಅಚ್ಚುಕಟ್ಟಾದ ಕೆಲಸ ಸುಲಭಕ್ಕೆ ಸಿಗುವುದಿಲ್ಲ.

ಹಳೆಯ ಹೀಬ್ರೂ ಹೆಸರುಗಳಲ್ಲಿ ಬಹಳಷ್ಟು ಪುಟ್ಟ ವಾಕ್ಯಗಳು. ನೆತನೇಲ್ ಎಂದರೆ ‘ದೇವರು ಕೊಟ್ಟ’. ಇಷ್ಮಾಯೇಲ್ ಎಂದರೆ ‘ದೇವರು ಕೇಳಿಸಿಕೊಳ್ಳುತ್ತಾನೆ’. ಎಲೀಮೆಲೆಕ್ ಎಂದರೆ ‘ನನ್ನ ದೇವರು ಅರಸ’. ಮೀಕಾಯೇಲ್ ಅಂತೂ ಪ್ರಶ್ನೆಯನ್ನೇ ಕೇಳುತ್ತದೆ, ‘ದೇವರಂಥವನು ಯಾರು?’ ಎಂದು. ಹೆರಿಗೆಮನೆಯಲ್ಲಿ ತಾಯಿಯ ಬಾಯಿಂದ ಹೊರಟ ಕೃತಜ್ಞತೆಯೋ ಮೊರೆಯೋ ಹಾಗೇ ಗಟ್ಟಿಯಾಗಿ ಮಗುವಿನ ಹೆಸರಾಗಿ ಉಳಿದಂತೆ ಕೇಳುತ್ತವೆ. ಇವುಗಳಲ್ಲಿ ದೇವರು ಕರ್ತೃ. ಏನನ್ನೋ ಮಾಡುತ್ತಾನೆ, ಇಲ್ಲವೇ ಏನೋ ಆಗಿದ್ದಾನೆ.

ಬೆತ್ಸಲೇಲ್ ಈ ಅಚ್ಚಿಗೆ ಕೂರುವುದಿಲ್ಲ. ಇದರಲ್ಲಿ ಕ್ರಿಯಾಪದವಿಲ್ಲ, ಯಾರೂ ಏನೂ ಮಾಡುವುದಿಲ್ಲ. ಮೊದಲಿಗೆ ‘ಬೆ’, ನಮ್ಮ ‘ಅಲ್ಲಿ’ ವಿಭಕ್ತಿಯ ಕೆಲಸ ಮಾಡುವ ಒಂದಕ್ಷರದ ಪ್ರತ್ಯಯ. ಹೀಬ್ರೂವಿನಲ್ಲಿ ಅದು ಪದದ ಮುಂದೆ ಅಂಟುತ್ತದೆ. ನಡುವೆ ‘ತ್ಸೇಲ್’, ನೆರಳು. ಕೊನೆಗೆ ‘ಏಲ್’. ಮೂರನ್ನೂ ಸೇರಿಸಿದರೆ ‘ದೇವರ ನೆರಳಿನಲ್ಲಿ’. ಮಗುವಿನ ಬಗ್ಗೆ ಈ ಹೆಸರು ಹೇಳುವುದು ಒಂದೇ ಸಂಗತಿ: ಅದು ಎಲ್ಲಿದೆ ಎಂಬುದು. ಹೀಗೆ ಪ್ರತ್ಯಯದಿಂದ ಶುರುವಾಗುವ ಹೆಸರುಗಳು ಬೈಬಲಿನಲ್ಲಿ ಬೆರಳೆಣಿಕೆಯಷ್ಟು. ಅರಣ್ಯಕಾಂಡದಲ್ಲಿ ಒಬ್ಬ ಲಾಯೇಲ್ ಬರುತ್ತಾನೆ, ‘ದೇವರಿಗೆ ಸೇರಿದವನು’. ನೆಹೆಮೀಯನ ಕಾಲದಲ್ಲಿ ಜೆರುಸಲೇಮಿನ ಗೋಡೆ ರಿಪೇರಿ ಮಾಡಿದವರ ಪಟ್ಟಿಯಲ್ಲಿ ಒಬ್ಬನ ಅಪ್ಪ ಬೆಸೋದ್ಯಾ, ‘ಯೆಹೋವನ ಆಪ್ತಸಭೆಯಲ್ಲಿ’. ಇಬ್ಬರೂ ಪಟ್ಟಿಗಳಲ್ಲಿ ಬಂದು ಪಟ್ಟಿಗಳಲ್ಲೇ ಕಳೆದುಹೋದವರು. ಕಥೆ ಎಂದು ಇರುವುದು ಬೆತ್ಸಲೇಲನಿಗೆ ಮಾತ್ರ.

ಕೂಡಿಕೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ‘ತ್ಸೇಲ್’ ಒಂಟಿಯಾಗಿ ನಿಂತಾಗ ಅದರ ಸ್ವರ ‘ಏ’. ಮುಂದೆ ‘ಏಲ್’ ಬಂದು ಸೇರಿದ ಕೂಡಲೇ ಅದು ಕುಗ್ಗಿ ‘ತ್ಸಲ್’ ಆಗುತ್ತದೆ. ಆಮೇಲೆ ಗಂಟಲಲ್ಲಿ ಒಂದು ಕಿರುತಡೆ. ಅದು ಆಲೆಫ್ ಎಂಬ ಅಕ್ಷರದ ಜಾಗ, ತನಗೇ ಎಂದು ಸದ್ದಿಲ್ಲದ ಅಕ್ಷರ. ಆ ತಡೆ ದಾಟಿದರೆ ‘ಏಲ್’. ಸರಿಯಾಗಿ ಹೇಳಿದರೆ ‘ಬೆ-ತ್ಸಲ್-ಏಲ್’, ಒತ್ತು ಕೊನೆಯ ಮೇಲೆ. ಬರವಣಿಗೆಯಲ್ಲಿ ಐದೇ ಅಕ್ಷರ: ಬೇತ್, ತ್ಸಾದಿ, ಲಾಮೆದ್, ಆಲೆಫ್, ಲಾಮೆದ್. ಹೀಬ್ರೂ ಲಿಪಿಯಲ್ಲಿ ಸಾಲಿನ ಮೇಲಕ್ಕೆ ತಲೆ ಎತ್ತುವ ಅಕ್ಷರ ಲಾಮೆದ್ ಒಂದೇ. ಹಾಗಾಗಿ ಈ ಹೆಸರನ್ನು ಬರೆದಾಗ ಎರಡು ಎತ್ತರದ ಲಾಮೆದ್‌ಗಳ ನಡುವೆ ಮೌನದ ಆಲೆಫ್ ಕೂತಿರುತ್ತದೆ. ಒಂದು ಲಾಮೆದ್ ನೆರಳಿಗೆ ಸೇರಿದ್ದು, ಇನ್ನೊಂದು ದೇವರಿಗೆ.

ಆ ತ್ಸಾದಿ ಅಕ್ಷರವೇ ಉಚ್ಚಾರದ ಗೊಂದಲಕ್ಕೆಲ್ಲ ಮೂಲ. ‘ತ್’ ಮತ್ತು ‘ಸ್’ ಒಟ್ಟಿಗೆ ಹೊರಡುವ ಈ ಧ್ವನಿಯನ್ನು ಜರ್ಮನರು ಝೆಡ್ ಅಕ್ಷರದಿಂದ ಬರೆದರು; ಅವರ ಬಾಯಲ್ಲಿ ಝೆಡ್ ಎಂದರೆ ‘ತ್ಸ’ವೇ, ಆದ್ದರಿಂದ ತೊಂದರೆ ಇರಲಿಲ್ಲ. ಇಂಗ್ಲಿಷಿನವರು ಅದೇ ಝೆಡ್ಡನ್ನು ತಮ್ಮ ರೀತಿಯಲ್ಲಿ ಓದಿ ‘ಜ’ ಮಾಡಿದರು. ಕನ್ನಡ ಬೈಬಲಿನ ಅನುವಾದಕರು ಹಿಡಿದ ದಾರಿ ಬೇರೆ: ತ್ಸಾದಿ ಬಂದಲ್ಲಿ ಹೆಚ್ಚಾಗಿ ‘ಚ’. ಅದರಿಂದಲೇ ನಮ್ಮಲ್ಲಿ ಚೀಯೋನ್, ಚಾದೋಕ, ಚೆಫನ್ಯ, ಬೆಚಲೇಲ. ‘ಜ’ಕ್ಕಿಂತ ‘ಚ’ ಮೂಲಕ್ಕೆ ಎಷ್ಟೋ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಆ ಅನುವಾದಕರ ಕಿವಿ ಸೂಕ್ಷ್ಮವಾಗಿತ್ತು.

ನೆರಳು ಎಂದರೆ ಇಲ್ಲಿ ಕತ್ತಲೆಯಲ್ಲ. ಮರುಭೂಮಿಯ ಜನಕ್ಕೆ ನೆರಳೆಂದರೆ ಜೀವ. ನಾವು ಛತ್ರಛಾಯೆ ಎನ್ನುತ್ತೇವಲ್ಲ, ಆ ಅರ್ಥ. ಬೈಬಲಿನ ಕೀರ್ತನೆಗಳಲ್ಲೂ ದೇವರ ನೆರಳು ಅಂದರೆ ಆಶ್ರಯವೇ. ಇದು ಹೀಬ್ರೂವಿನವರ ಸ್ವಂತ ಆಸ್ತಿಯೂ ಅಲ್ಲ. ಅಕ್ಕಾಡಿಯನ್ ಭಾಷೆಯಲ್ಲಿ ‘ಸಿಲ್ಲು’ ಎಂದರೆ ನೆರಳೂ ಹೌದು, ರಕ್ಷಣೆಯೂ ಹೌದು. ‘ಇಂಥ ದೇವರ ನೆರಳಿನಲ್ಲಿ’ ಎಂಬ ಅರ್ಥದ ಹೆಸರುಗಳು ಬಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ಬೇಕಾದಷ್ಟು ಇವೆ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದು, ಕಿತ್ತುಕೊಂಡ ಊರುಗಳನ್ನು ನೆರೆಯ ಅರಸರಿಗೆ ಹಂಚಿದ. ಹಾಗೆ ಪಾಲು ಪಡೆದ ಗಾಜಾದ ಅರಸನ ಹೆಸರು ಸಿಲ್-ಬೇಲ್, ಬೇಲ್ ದೇವರ ನೆರಳು. ಬೆತ್ಸಲೇಲನ ಕುಲದವರನ್ನು ಲೂಟಿ ಮಾಡಿದ ಮಾಲಿನಲ್ಲಿ ಪಾಲು ತೆಗೆದುಕೊಂಡವನ ಹೆಸರೂ ಅದೇ ಮರದಲ್ಲಿ ಕಡೆದದ್ದು. ಇತಿಹಾಸ ಇಂಥ ತಮಾಷೆಗಳನ್ನು ಮಾಡುತ್ತಿರುತ್ತದೆ.

ಈ ಹೆಸರಿನ ಸುತ್ತಲಿನ ಹೆಸರುಗಳನ್ನೂ ಯಾರೋ ಆಯ್ದು ಕೂರಿಸಿದಂತಿದೆ. ಅಪ್ಪ ಊರಿ ಎಂದರೆ ‘ನನ್ನ ಬೆಳಕು’. ಬೆಳಕಿಗೆ ಹುಟ್ಟಿದ ಮಗ ನೆರಳು! ಜೊತೆಗಾರ ದಾನ್ ಕುಲದ ಒಹೊಲೀಯಾಬ. ನೂಲು, ಕಸೂತಿ, ಕೆತ್ತನೆಯ ಕೈ ಅವನದು. ಅವನ ಹೆಸರಿನ ಅರ್ಥ ‘ತಂದೆಯ ಗುಡಾರ’. ಕಟ್ಟಬೇಕಾದದ್ದೂ ಗುಡಾರವೇ.

ಗುಡಾರ ಕಟ್ಟಿದ ಬಗೆಯನ್ನು ವಿಮೋಚನಕಾಂಡ ಒಂದು ಕೆಲಸದ ಪುಸ್ತಕದಂತೆ ಬರೆದಿಟ್ಟಿದೆ. ಅನೇಕ ಓದುಗರು ಬೇಸರವೆಂದು ಹಾರಿಸುವ ಅಧ್ಯಾಯಗಳಿವು, ನನಗೆ ಅಚ್ಚುಮೆಚ್ಚು. ಗೋಡೆಗೆ ಜಾಲಿಮರದ 48 ಹಲಗೆ. ಒಂದೊಂದೂ ಹತ್ತು ಮೊಳ ಎತ್ತರ, ಒಂದೂವರೆ ಮೊಳ ಅಗಲ, ಮೇಲೆ ಚಿನ್ನದ ತಗಡು. ಪ್ರತಿ ಹಲಗೆಯ ಬುಡದಲ್ಲಿ ಎರಡು ಮುಂಚಾಚುಗಳನ್ನು ಬಿಟ್ಟು ಕೆತ್ತಬೇಕು. ಹೀಬ್ರೂವಿನಲ್ಲಿ ಇವನ್ನು ಕರೆಯುವುದೇ ‘ಕೈಗಳು’ ಎಂದು. ಒಂದೊಂದು ಕೈಯೂ ಒಂದೊಂದು ಬೆಳ್ಳಿಯ ಪೀಠದ ತೂತಿನೊಳಗೆ ಇಳಿದು ನಿಲ್ಲುತ್ತದೆ. 48 ಹಲಗೆಗೆ 96 ಪೀಠ, ಒಳಪರದೆಯ ಕಂಬಗಳಿಗೆ ಇನ್ನು ನಾಲ್ಕು, ಒಟ್ಟು ನೂರು. ಪೀಠವೊಂದಕ್ಕೆ ಒಂದು ತಲಾಂತು ಬೆಳ್ಳಿ. ಈ ಬೆಳ್ಳಿ ಬಂದದ್ದು 6,03,550 ಗಂಡಸರಿಂದ ತಲೆಗೆ ಅರ್ಧ ಶೆಕೆಲ್‌ನಂತೆ ಎತ್ತಿದ ವಂತಿಗೆಯಿಂದ. ಮೂರು ಸಾವಿರ ಶೆಕೆಲ್‌ಗೆ ಒಂದು ತಲಾಂತು ಎಂದು ಲೆಕ್ಕ ಹಾಕಿ ನೋಡಿ: ಸರಿಯಾಗಿ ನೂರು ತಲಾಂತು ಆಗಿ 1,775 ಶೆಕೆಲ್ ಮಿಗುತ್ತದೆ. ಆ ಮಿಕ್ಕಿದ್ದು ಕಂಬಗಳ ಕೊಂಡಿಗಳಿಗೆ ಹೋಯಿತು ಎಂದು ಪಠ್ಯವೇ ಹೇಳುತ್ತದೆ. ಚಿಲ್ಲರೆಯ ಲೆಕ್ಕವನ್ನೂ ಬಿಡದ ಮೇಸ್ತ್ರಿಯ ಬುದ್ಧಿ ಇದು.

ಆ ಗೋಡೆಯಲ್ಲಿ ಮೊಳೆಯ ಮಾತೇ ಇಲ್ಲ. ಕೈ ಪೀಠದಲ್ಲಿ ಕೂರುತ್ತದೆ, ಅಡ್ಡಪಟ್ಟಿಗಳು ಬಳೆಗಳಲ್ಲಿ ತೂರಿ ಹಲಗೆಗಳನ್ನು ಒಟ್ಟಿಗೆ ಹಿಡಿಯುತ್ತವೆ, ನಡುವಿನ ಪಟ್ಟಿ ಈ ತುದಿಯಿಂದ ಆ ತುದಿಗೆ ಹಾಯುತ್ತದೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ ಜನ ಪಾಳೆಯ ಕಿತ್ತಾಗ ಎಲ್ಲವನ್ನೂ ಬಿಚ್ಚಿ ಹೊತ್ತುಕೊಂಡು ಹೋಗಿ, ಮುಂದಿನ ತಾಣದಲ್ಲಿ ಮತ್ತೆ ನಿಲ್ಲಿಸಬೇಕಿತ್ತಲ್ಲ. ಬೆತ್ಸಲೇಲ್ ಎಂಬ ಹೆಸರೂ ಅಂಥ ಕೂಡಿಕೆಯದೇ. ‘ಬೆ’ಯನ್ನು ಬಿಡಿಸಬಹುದು, ನೆರಳನ್ನು ಬಿಡಿಸಬಹುದು, ಏಲನ್ನು ಬಿಡಿಸಬಹುದು. ಬಿಡಿಸಿದ ತುಂಡುಗಳಲ್ಲಿ ಮುರಿದದ್ದು ಒಂದೂ ಇಲ್ಲ. ಸೇರಿಸಿದಾಗ ಸಂದು ಸಡಿಲವಿಲ್ಲ.

ಗುಡಾರದೊಳಗಿನ ದೀಪಸ್ತಂಭದ್ದು ಇದಕ್ಕೆ ಉಲ್ಟಾ ಕೆಲಸ. ಒಂದು ತಲಾಂತು ಅಪ್ಪಟ ಚಿನ್ನ, ಅಂದರೆ ಸುಮಾರು ಮೂವತ್ತು ಕಿಲೋ ಮೇಲ್ಪಟ್ಟ ಗಟ್ಟಿ. ಅದನ್ನು ಸುತ್ತಿಗೆಯಿಂದ ಬಡಿದೇ ಬುಡ, ಕಾಂಡ, ಎಡಕ್ಕೆ ಮೂರು ಬಲಕ್ಕೆ ಮೂರು ಕೊಂಬೆ, ಬಾದಾಮಿ ಹೂವಿನಂಥ ಬಟ್ಟಲು, ಗುಂಡು, ಹೂ ಎಲ್ಲವನ್ನೂ ಎಬ್ಬಿಸಬೇಕು. ಬೆಸುಗೆ ಹಾಕುವ ಹಾಗಿಲ್ಲ. ಎಲ್ಲವೂ ಒಂದೇ ಗಟ್ಟಿಯಿಂದ ಬರಬೇಕು. ಕೊಂಬೆಗೆ ಮೂರರಂತೆ ಹದಿನೆಂಟು, ಕಾಂಡದಲ್ಲಿ ನಾಲ್ಕು, ಒಟ್ಟು 22 ಬಟ್ಟಲು. ಹೀಬ್ರೂ ಅಕ್ಷರಗಳೂ 22. ಕಾಕತಾಳೀಯ ಇದ್ದೀತು, ಆದರೂ ಎಣಿಸಿದವನಿಗೆ ಖುಷಿಯಾಗುತ್ತದೆ. ಯಹೂದಿ ಪುರಾಣದಲ್ಲಿ ಇದರ ಬಗ್ಗೆ ಒಂದು ಕಥೆಯಿದೆ: ದೀಪಸ್ತಂಭದ ರಚನೆಯನ್ನು ದೇವರು ಎಷ್ಟು ಸಲ ಹೇಳಿದರೂ ಬೆಟ್ಟ ಇಳಿಯುವಷ್ಟರಲ್ಲಿ ಮೋಶೆಗೆ ಮರೆತುಹೋಗುತ್ತಿತ್ತಂತೆ. ಕೊನೆಗೆ ಬೆತ್ಸಲೇಲನಿಗೆ ಹೇಳು, ಅವನು ಮಾಡುತ್ತಾನೆ ಎಂದು ದೇವರು ಕೈಬಿಟ್ಟನಂತೆ. ಬೆತ್ಸಲೇಲ್ ಕೇಳಿದ್ದೇ ತಡ ಮಾಡಿಟ್ಟ. ಶಾಸ್ತ್ರ ಬಲ್ಲವನಿಗೂ ಸುತ್ತಿಗೆ ಹಿಡಿದವನಿಗೂ ಇರುವ ವ್ಯತ್ಯಾಸ ಬಲ್ಲವರೇ ಈ ಕಥೆ ಕಟ್ಟಿರಬೇಕು.

ಯಹೂದಿ ಧರ್ಮಗ್ರಂಥವಾದ ತಾಲ್ಮುದಿನ ಪಂಡಿತರು ಹೆಸರಿನ ಅರ್ಥವನ್ನೇ ಹಿಡಿದು ಇನ್ನೊಂದು ಪ್ರಸಂಗ ಹೇಳಿದ್ದಾರೆ. ಮೋಶೆ ಬಂದು, ಮೊದಲು ಗುಡಾರದೊಳಗೆ ಇಡುವ ಮಂಜೂಷ ಮಾಡು, ಪಾತ್ರೆಗಳನ್ನು ಮಾಡು, ಆಮೇಲೆ ಗುಡಾರ ಮಾಡು ಎಂದ. ಬೆತ್ಸಲೇಲ್ ತಡೆದ: ಲೋಕದಲ್ಲಿ ಮೊದಲು ಮನೆ ಕಟ್ಟಿ ಆಮೇಲೆ ಸಾಮಾನು ಇಳಿಸುತ್ತಾರೆ, ಈಗಲೇ ಸಾಮಾನು ಮಾಡಿದರೆ ಎಲ್ಲಿ ಇಡಲಿ? ದೇವರು ಹೇಳಿದ್ದ ಕ್ರಮವೂ ಅದೇ ಆಗಿತ್ತು. ಮೋಶೆ ಬೆರಗಾಗಿ, ನೀನು ಆಗ ದೇವರ ನೆರಳಿನಲ್ಲೇ ಇದ್ದೆಯೇನು ಎಂದನಂತೆ. ಗುರು ಅದಲುಬದಲು ಮಾಡಿ ಹೇಳಿದ್ದನ್ನು ಸರಿಪಡಿಸುವ ಶಿಷ್ಯ, ಅದನ್ನು ಸಂತೋಷದಿಂದ ಒಪ್ಪುವ ಗುರು. ತಾಲ್ಮುದಿಗೆ ಇಂಥದೆಲ್ಲ ಬಲು ಇಷ್ಟ. ಅದೇ ಪುಟದಲ್ಲಿ ಇನ್ನೊಂದು ಮಾತೂ ಬರುತ್ತದೆ: ಆಕಾಶ ಭೂಮಿಗಳನ್ನು ಸೃಷ್ಟಿಸಿದ ಅಕ್ಷರಗಳನ್ನು ಕೂಡಿಸುವ ವಿದ್ಯೆ ಬೆತ್ಸಲೇಲನಿಗೆ ಗೊತ್ತಿತ್ತು ಎಂದು. ಮರದ ಸಂದು ಬಲ್ಲವನಿಗೆ ಅಕ್ಷರದ ಸಂದೂ ಗೊತ್ತು ಎನ್ನುವ ಈ ನಂಬಿಕೆಯಿಂದ ಹೆಸರಿಗೆ ಇನ್ನೊಂದು ಬೆಲೆ ಬಂತು. ಇನ್ನೊಂದು ಕಡೆ ಪಂಡಿತರು ವಂಶಾವಳಿಯನ್ನು ಗುಣಿಸಿ ಭಾಗಿಸಿ, ಇಷ್ಟೆಲ್ಲ ಮಾಡುವಾಗ ಅವನಿಗೆ 13 ವರ್ಷ ಎಂದು ತೀರ್ಮಾನಿಸಿದ್ದಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಇಷ್ಟು ದೊಡ್ಡ ಮನುಷ್ಯನ ಹೆಸರು ಆಮೇಲೆ ಮನೆಮನೆಯಲ್ಲಿ ಕೇಳಬೇಕಿತ್ತು. ಹಾಗಾಗಲಿಲ್ಲ. ಬೈಬಲಿನಲ್ಲೇ ಇನ್ನೊಬ್ಬ ಬೆತ್ಸಲೇಲ್ ಸಿಗುವುದು ಎಜ್ರನ ಪುಸ್ತಕದ ಒಂದು ಪಟ್ಟಿಯಲ್ಲಿ, ಪರಕೀಯ ಹೆಂಗಸರನ್ನು ಮದುವೆಯಾದವರ ಸಾಲಿನಲ್ಲಿ. ಮುಂದೆ 16ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಬೆತ್ಸಲೇಲ್ ಅಶ್ಕೆನಾಜಿ ಎಂಬ ದೊಡ್ಡ ವಿದ್ವಾಂಸ. ತಾಲ್ಮುದಿನ ಮೇಲೆ ಹಿಂದಿನವರು ಬರೆದ ಟೀಕೆಗಳನ್ನು ಹೆಕ್ಕಿ ಜೋಡಿಸಿ ಗ್ರಂಥ ಮಾಡಿದ. ಅದೂ ಕೂಡಿಸುವ ಕೆಲಸವೇ. 1609ರಲ್ಲಿ ತೀರಿಕೊಂಡ ಪ್ರಾಗ್ ನಗರದ ಪ್ರಖ್ಯಾತ ರಬ್ಬಿ ಯೆಹೂದಾ ಲೋವ್ ಅವರ ಪೂರ್ತಿ ಹೆಸರು ಯೆಹೂದಾ ಲೋವ್ ಬೆನ್ ಬೆತ್ಸಲೇಲ್, ಅಂದರೆ ಬೆತ್ಸಲೇಲನ ಮಗ. ಜೇಡಿಮಣ್ಣಿನ ಗೋಲೆಮ್ ಬೊಂಬೆಗೆ ಅಕ್ಷರಗಳಿಂದ ಜೀವ ತುಂಬಿದ ಕಥೆಯನ್ನು ಎಷ್ಟೋ ಕಾಲದ ಮೇಲೆ ಜನ ಅಂಟಿಸಿದ್ದು ಈ ರಬ್ಬಿಗೇ. ಬೊಂಬೆಯ ಹಣೆಯ ಮೇಲಿನ ‘ಎಮೆತ್’, ಸತ್ಯ, ಎಂಬ ಪದದಿಂದ ಆಲೆಫ್ ಒಂದನ್ನು ಅಳಿಸಿದರೆ ‘ಮೇತ್’, ಸತ್ತ, ಎಂದಾಗಿ ಬೊಂಬೆ ಮಣ್ಣಾಗುತ್ತಿತ್ತಂತೆ. ಅಕ್ಷರ ಕೂಡಿಸುವವನ ಹೆಸರು ಹೊತ್ತ ಅಪ್ಪನ ಮಗನಿಗೆ ಈ ಕಥೆ ಬಂದು ಸೇರಿದ್ದು ಹೊಂದಿಕೆಯಾಗಿಯೇ ಇದೆ.

ಯಹೂದಿಗಳಲ್ಲದವರೂ ಒಂದು ಕಾಲದಲ್ಲಿ ಈ ಹೆಸರಿಗೆ ಮನಸೋತಿದ್ದರು. ಬೈಬಲನ್ನು ಸಾಲುಸಾಲಾಗಿ ಓದುತ್ತಿದ್ದ ಇಂಗ್ಲಿಷ್ ಪ್ರಾಟೆಸ್ಟೆಂಟರು ಹಳೆಯ ಒಡಂಬಡಿಕೆಯ ಮೂಲೆಮುಡುಕಿನ ಹೆಸರುಗಳನ್ನೆಲ್ಲ ಮಕ್ಕಳಿಗೆ ಇಟ್ಟರು. 1611ರ ಇಂಗ್ಲಿಷ್ ಬೈಬಲಿನ ಕಾಗುಣಿತದಂತೆ ಅವರ ಬಾಯಲ್ಲಿ ಇದು ‘ಬೆಜಲೀಲ್’ ಆಗಿ ಅಟ್ಲಾಂಟಿಕ್ ದಾಟಿತು. ಡಾರ್ಟ್‌ಮತ್ ಕಾಲೇಜಿನ ಮೊದಲ ಗಣಿತ ಪ್ರಾಧ್ಯಾಪಕ ಬೆಜಲೀಲ್ ವುಡ್‌ವರ್ಡ್. 1797ರಲ್ಲಿ ಒಹಾಯೊದ ಸ್ಟೂಬೆನ್‌ವಿಲ್ ಊರಿಗೆ ಬುನಾದಿ ಹಾಕಿದವರಲ್ಲಿ ಒಬ್ಬ ಬೆಜಲೀಲ್ ವೆಲ್ಸ್. ಆಮೇಲೆ ಆ ಗಾಳಿ ಇಳಿಯಿತು.

ಈಗಿನ ಸ್ಥಿತಿ ಹೀಗಿದೆ. ಅಮೆರಿಕದಲ್ಲಿ 1954ರಿಂದ 1998ರವರೆಗೆ, 1960 ಒಂದನ್ನು ಬಿಟ್ಟು, ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನ ಮೈಕೆಲ್‌ನದು. ಅದೇ ‘ಏಲ್’ ಬಾಲದ ಬೆತ್ಸಲೇಲ್ ಮೊದಲ ಸಾವಿರದೊಳಗೂ ಬಂದದ್ದಿಲ್ಲ. ಅಲ್ಲಿಯ ಸಾಮಾಜಿಕ ಭದ್ರತಾ ಇಲಾಖೆ ವರ್ಷಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಪ್ರಕಟಿಸುವುದೇ ಇಲ್ಲ. ಈ ಹೆಸರನ್ನೋ ಒಬ್ಬರು ಬರೀ ಝೆಡ್ ಹಾಕಿ ಬರೆದರೆ, ಇನ್ನೊಬ್ಬರು ಟಿ ಮತ್ತು ಝೆಡ್, ಮತ್ತೊಬ್ಬರು ಟಿ ಮತ್ತು ಎಸ್. ಇರುವ ಕೆಲವೇ ಮಕ್ಕಳು ಮೂರು ನಾಲ್ಕು ಕಾಗುಣಿತಗಳಲ್ಲಿ ಹಂಚಿಹೋಗುತ್ತಾರೆ. ಇಸ್ರೇಲಿನಲ್ಲೂ ಇದು ಹೆಚ್ಚಾಗಿ ಧಾರ್ಮಿಕ ಮನೆಗಳ ಹೆಸರು. ಅಲ್ಲಿಯ ರಾಜಕಾರಣಿ ಬೆಜಲೆಲ್ ಸ್ಮೋಟ್ರಿಚ್ ಅವರಿಂದಾಗಿ ಈಚೆಗೆ ಸುದ್ದಿಯಲ್ಲಿ ಆಗಾಗ ಕೇಳುತ್ತದೆ. ಉಳಿದ ತಂದೆತಾಯಿಗಳಿಗೆ ಬೇಕಾದದ್ದು ಗಿಡ್ಡ ಹೆಸರುಗಳು: ಬೆಳಕು ಎಂಬ ಅರ್ಥದ ಓರ್, ಇಬ್ಬನಿಯ ತಾಲ್, ಅಲೆಯ ಗಾಲ್. ಬೆಳಕಿನ ಹೆಸರಿಗೆ ಇರುವ ಗಿರಾಕಿ ನೆರಳಿನ ಹೆಸರಿಗೆ ಇಲ್ಲ.

ಆದರೆ ಸರ್ಕಾರಿ ಪಟ್ಟಿಯೊಂದನ್ನೇ ನೋಡಿ ಇಂಥ ಹೆಸರಿನ ಬಳಕೆಯನ್ನು ಅಳೆಯಲಾಗದು. ಯಹೂದಿ ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯ ಹೊತ್ತಿನಲ್ಲಿ ‘ಇಂಥವನ ಮಗ ಇಂಥವನು’ ಎಂದು ಹೀಬ್ರೂ ಹೆಸರನ್ನು ಸಾರುತ್ತಾರೆ. ಸಿನಗಾಗಿನಲ್ಲಿ ತೋರಾ ಓದಲು ಕರೆಯುವುದು ಆ ಹೆಸರಿನಿಂದ, ಮದುವೆ ಪತ್ರದಲ್ಲಿ ಬರೆಯುವುದು ಆ ಹೆಸರನ್ನು, ಗೋರಿಯ ಮೇಲೆ ಕೆತ್ತುವುದೂ ಅದನ್ನೇ. ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರಿರಬಹುದು. ಯೂರೋಪಿನ ಅಶ್ಕೆನಾಜಿ ಯಹೂದಿಗಳು ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಡುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿಗಳು ಬದುಕಿರುವ ಅಜ್ಜನ ಹೆಸರನ್ನೇ ಇಡುವುದುಂಟು. ಒಂದು ಕುಟುಂಬದಲ್ಲಿ ಒಮ್ಮೆ ಒಬ್ಬ ಬೆತ್ಸಲೇಲ್ ಇದ್ದರೆ, ಫ್ಯಾಷನ್ ಏನೇ ಹೇಳಲಿ, ಎರಡು ತಲೆಮಾರಿಗೊಮ್ಮೆ ಆ ಹೆಸರು ಮರಳುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಕೂಡಿಸುವ ಗೆಮಾತ್ರಿಯಾ ಲೆಕ್ಕವನ್ನು ನಂಬುವ ಮನೆಗಳಲ್ಲಿ ಇದರ ಮೊತ್ತ 153 ಎಂದೂ ಹೇಳುತ್ತಾರೆ: 2, 90, 30, 1, 30. ನನಗೆ ಆ ಲೆಕ್ಕದಲ್ಲಿ ಅಷ್ಟು ರುಚಿಯಿಲ್ಲ. ಬೆಳ್ಳಿಯ ಪೀಠಗಳ ಲೆಕ್ಕವೇ ಚೆಂದ.

ಇಂದು ಜೆರುಸಲೇಮಿನಲ್ಲಿ ಬೆಜಲೆಲ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮನುಷ್ಯನಲ್ಲ, ಒಂದು ಕಲಾಶಾಲೆ. ಲಿಥುವೇನಿಯದಲ್ಲಿ ಹುಟ್ಟಿ, ಬಲ್ಗೇರಿಯದ ಸೋಫಿಯಾದಲ್ಲಿ ಕಲಾ ಅಕಾಡೆಮಿ ಕಟ್ಟಲು ಕೈಜೋಡಿಸಿದ್ದ ಶಿಲ್ಪಿ ಬೋರಿಸ್ ಶಾಟ್ಸ್ 1906ರಲ್ಲಿ ಅದನ್ನು ತೆರೆದರು. ಬಡ ವಲಸಿಗರಿಗೆ ಕಸುಬು ಕಲಿಸಿ ಹೊಟ್ಟೆಗೆ ದಾರಿ ಮಾಡುವುದು, ಜೊತೆಗೇ ಒಂದು ಹೊಸ ಯಹೂದಿ ಕಲೆಯನ್ನು ಕಟ್ಟುವುದು ಅವರ ಹಂಬಲ. ಗಾಲೀಚೆ ನೇಯ್ಗೆ, ಮರಗೆಲಸ, ದಂತದ ಕೆತ್ತನೆ, ತಾಮ್ರದ ಮೇಲೆ ಬೆಳ್ಳಿ ಕೂರಿಸುವುದು ಎಲ್ಲವೂ ಅಲ್ಲಿ ನಡೆಯಿತು. ಯೆಮನ್‌ನಿಂದ ಬಂದ ಯಹೂದಿ ಅಕ್ಕಸಾಲಿಗರು ಬೆಳ್ಳಿ ತಂತಿಯ ಕುಸುರಿಯನ್ನು ತಂದರು. ಹಣವಿಲ್ಲದೆ ಶಾಲೆ 1929ರಲ್ಲಿ ಮುಚ್ಚಿತು. ಅದಕ್ಕಾಗಿ ಚಂದಾ ಎತ್ತಲು ಅಮೆರಿಕಕ್ಕೆ ಹೋಗಿದ್ದ ಶಾಟ್ಸ್ 1932ರಲ್ಲಿ ಡೆನ್ವರ್‌ನಲ್ಲಿ ತೀರಿಕೊಂಡರು. 1935ರಲ್ಲಿ ಶಾಲೆ ಮತ್ತೆ ತೆರೆಯಿತು, ಇವತ್ತಿಗೂ ನಡೆಯುತ್ತಿದೆ. ಅದರ ಜೊತೆಗೆ ಬೆಳೆದ ವಸ್ತುಸಂಗ್ರಹಾಲಯ 1965ರಲ್ಲಿ ಇಸ್ರೇಲ್ ಮ್ಯೂಸಿಯಮ್ಮಿನ ಭಾಗವಾಯಿತು.

ಶಾಟ್ಸ್ ಆ ಹೆಸರನ್ನು ಶಾಲೆಗೆ ಮಾತ್ರ ಇಡಲಿಲ್ಲ. 1912ರಲ್ಲಿ ಹುಟ್ಟಿದ ಮಗನಿಗೂ ಬೆಜಲೆಲ್ ಎಂದೇ ಇಟ್ಟರು. ಮಗನೂ ಕಲಾವಿದನಾದ, ಆದರೆ ಗೆಳೆಯರ ಬಾಯಲ್ಲಿ ಅವನು ಲಿಲಿಕ್. 1947ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲೇಖಕ ಹೆನ್ರಿ ಮಿಲ್ಲರ್ ಜೊತೆ ಸೇರಿ ಅವನು ಒಂದು ಪುಸ್ತಕ ಮಾಡಿದ. ಅದಕ್ಕೆ ಅಚ್ಚಿನ ಮೊಳೆ ಬಳಸಲಿಲ್ಲ. ಮಿಲ್ಲರ್ ಕೈಯಾರೆ ಬರೆದ ಅಕ್ಷರಗಳನ್ನು ತನ್ನ ಚಿತ್ರಗಳ ಜೊತೆಗೇ ರೇಷ್ಮೆ ಪರದೆಯ ಮೂಲಕ ಬಣ್ಣದಲ್ಲಿ ಇಳಿಸಿದ, ಹಾಳೆ ಹಾಳೆಯಾಗಿ.